ಕಾವಲುಗಾರನ ಕನ್ನಡಕ

ನನಗೆ ಮೈನಸ್ ಆರು. ನಾಲ್ಕನೇ ಕ್ಲಾಸಿನಿಂದ ಕನ್ನಡಕ. ಅದು ಮೂಗಿನ ಮೇಲೆ ಇಲ್ಲದಿದ್ದರೆ ನಾನು ಗೋಡೆ ತಡಕಿಕೊಂಡು ಓಡಾಡುವ ಒಂದು ಜೀವ ಅಷ್ಟೇ. ಕೆಲವು ವರ್ಷದ ಹಿಂದೆ ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಅರಸೀಕೆರೆ ದಾಟಿ ಸ್ವಲ್ಪ ದೂರ ಹೋಗಿತ್ತು, ಮುಂದಿನಿಂದ ಸುಟ್ಟ ರಬ್ಬರಿನ ವಾಸನೆ, ಆಮೇಲೆ ಹೊಗೆ. ಡ್ರೈವರ್ ಬಸ್ಸನ್ನು ಪಕ್ಕಕ್ಕೆ ಹಾಕಿ "ಎಲ್ರೂ ಇಳೀರಿ, ಬೇಗ ಬೇಗ" ಅಂತ ಕೂಗಿದ. ಎಲ್ಲರೂ ಇಳಿಯುತ್ತಿದ್ದರೆ ನಾನು ಮಾತ್ರ ಸೀಟುಗಳ ಮಧ್ಯೆ ಮಂಡಿಯೂರಿ ನೆಲ ತಡಕುತ್ತಿದ್ದೆ. ಮಲಗುವಾಗ ಕನ್ನಡಕ ತೆಗೆದು ಎಲ್ಲೋ ಇಟ್ಟಿದ್ದೆ. ಬ್ಯಾಗಿನಲ್ಲಿ ಡಬ್ಬಿ ಸಿಕ್ಕಿತು, ಡಬ್ಬಿಯೊಳಗೆ ಏನೂ ಇಲ್ಲ. ನಾಚಿಕೆಗೇಡು, ಆದರೆ ನಿಜ: ಆ ಹೊತ್ತಿಗೆ ನನಗೆ ಬೆಂಕಿಯ ಭಯಕ್ಕಿಂತ ಕನ್ನಡಕ ಒಡೆದುಹೋಗುತ್ತದೆ ಅನ್ನೋ ಭಯ ಜಾಸ್ತಿ ಇತ್ತು. ಹಿಂದಿನ ಸೀಟಿನ ಹುಡುಗನೊಬ್ಬ ಇಳಿಯಲು ಹೊರಟವನು ನಿಂತ. "ಏನ್ ಸಾರ್ ಹುಡುಕ್ತಾ ಇದ್ದೀರಾ?" ಅಂದ. ಹೇಳಿದೆ. ಮೊಬೈಲ್ ಟಾರ್ಚ್ ಹಾಕಿ ನೆಲಕ್ಕೆ ಹಿಡಿದ. ಕನ್ನಡಕ ಸಿಗುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದ. ಆಮೇಲೆ ಇಬ್ಬರೂ ಇಳಿದೆವು. ಬೆಂಕಿ ಗಿಂಕಿ ಏನೂ ಹತ್ತಲಿಲ್ಲ, ಯಾವುದೋ ಬೆಲ್ಟು ಸುಟ್ಟಿತ್ತಂತೆ. ಆ ಹುಡುಗನ ಮುಖ ನನಗೆ ನೆನಪಿಲ್ಲ, ಅವನು ಟಾರ್ಚ್ ಹಿಡಿದಿದ್ದಾಗ ನನಗೆ ಕಣ್ಣೇ ಕಾಣುತ್ತಿರಲಿಲ್ಲವಲ್ಲ.

ನಾರ್ವೆಯ ವೆಮೊರ್ಕ್ ಕಾರ್ಖಾನೆಯ ಕತೆಯನ್ನು ನಾನು ಇದಕ್ಕೂ ಮೊದಲೇ ಓದಿದ್ದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ನಾರ್ವೆ, ಅಣುಬಾಂಬಿನ ಪ್ರಯತ್ನಕ್ಕೆ ಹಿಟ್ಲರನಿಗೆ ಸಿಗಬೇಕಿದ್ದ ಭಾರಜಲ (ಮಾಮೂಲಿ ನೀರಿಗಿಂತ ತೂಕದ ನೀರು), ಹಿಮದಲ್ಲಿ ಸ್ಕೀ ಮೇಲೆ ಬಂದ ಹುಡುಗರು, ನಡುರಾತ್ರಿ ಸ್ಫೋಟ, ಇದೆಲ್ಲ ನಿಮಗೂ ಗೊತ್ತಿರುತ್ತದೆ. ಆದರೆ ಆ ಬಸ್ಸಿನ ರಾತ್ರಿಯಾದ ಮೇಲೆ ಆ ಕತೆಯಲ್ಲಿ ನನಗೆ ಕಾಣುವುದೇ ಬೇರೆ ಆಗಿಬಿಟ್ಟಿತು. ಯಾಕೆಂದರೆ ಅದರಲ್ಲೂ ಒಂದು ಖಾಲಿ ಡಬ್ಬಿ ಇದೆ.

ನೆಲಮಾಳಿಗೆಯಲ್ಲಿ

1943ರ ಫೆಬ್ರವರಿ 27ರ ರಾತ್ರಿ. ಯೋಆಕಿಮ್ ರೊನ್ನೆಬರ್ಗ್ ಅನ್ನುವ ಹುಡುಗನಿಗೆ ಆಗ 23 ವರ್ಷ. ಓಲೆಸುಂಡ್ ಅನ್ನುವ ಮೀನುಗಾರರ ಊರಿನವನು. 1941ರಲ್ಲಿ ಸ್ನೇಹಿತರ ಜೊತೆ ದೋಣಿ ಹತ್ತಿ ಉತ್ತರ ಸಮುದ್ರ ದಾಟಿ ಬ್ರಿಟನ್ನಿಗೆ ಓಡಿಹೋಗಿದ್ದ. ಅಲ್ಲಿ ತರಬೇತಿ ಆಯಿತು, ಆಮೇಲೆ ಅವನೇ ಬೇರೆಯವರಿಗೆ ಕಲಿಸಿದ. ಕೊನೆಗೆ ಐದು ಜನರನ್ನು ಆರಿಸಿಕೋ, ನಿನ್ನದೇ ತಂಡ ಅಂದರು. 23ಕ್ಕೆ ನಾನು ಮೊದಲ ಕೆಲಸದಲ್ಲಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದೆ, ಇರಲಿ.

ಅವರ ಹಿಂದೆ ಒಂದು ದೊಡ್ಡ ದುರಂತ ಇತ್ತು. ಮೂರು ತಿಂಗಳ ಹಿಂದೆ, 1942ರ ನವೆಂಬರ್ 19ರಂದು, ಬ್ರಿಟಿಷರು ಇದೇ ಕೆಲಸಕ್ಕೆ ಎರಡು ಗ್ಲೈಡರುಗಳಲ್ಲಿ ಸೈನಿಕರನ್ನು ಕಳಿಸಿದ್ದರು. ಎರಡೂ ಬಿದ್ದುಹೋದವು. ಬದುಕಿ ಉಳಿದವರನ್ನು ಜರ್ಮನ್ನರು ಕೊಂದರು. ಒಟ್ಟು 41 ಜನ ಸತ್ತರು. ಯೂನಿಫಾರಂ ಹಾಕಿದ್ದರೂ ಸರಿ, ಕಮಾಂಡೋ ಸಿಕ್ಕರೆ ಕೈದಿ ಮಾಡಬೇಡಿ, ಮುಗಿಸಿ ಅಂತ ಹಿಟ್ಲರ್ ಒಂದು ತಿಂಗಳ ಮೊದಲೇ ಆದೇಶ ಕೊಟ್ಟಿದ್ದ. ಹಾಗಾಗಿ ರೊನ್ನೆಬರ್ಗ್ ಮತ್ತು ಅವನ ಗೆಳೆಯರ ಜೇಬಿನಲ್ಲಿ ಚಾಕೊಲೇಟಿನ ಜೊತೆ ಸೈನೈಡ್ ಗುಳಿಗೆಯೂ ಇತ್ತು.

ಆ ರಾತ್ರಿ ಹೋದವರು ಒಂಬತ್ತು ಜನ. ಆರು ಜನ ರೊನ್ನೆಬರ್ಗ್ ತಂಡ. ಮೂರು ಜನ ಅಕ್ಟೋಬರ್‌ನಿಂದಲೇ ಹಾರ್ಡಾಂಗರ್ವಿಡ್ಡಾ ಪ್ರಸ್ಥಭೂಮಿಯ ಮೇಲೆ ಗುಡಿಸಲಿನಲ್ಲಿ ಚಳಿಗಾಲ ಕಳೆದವರು. ಅವರ ನಾಲ್ಕನೆಯವನು ರೇಡಿಯೋ ನೋಡಿಕೊಳ್ಳಲು ಹಿಂದೆ ಉಳಿದ. (ಅವರ ಊಟದ ವಿಷಯವೇ ಒಂದು ಬರಹ ಆಗುತ್ತದೆ. ತಂದ ದಿನಸಿ ಮುಗಿದ ಮೇಲೆ ಹಿಮದ ಕೆಳಗಿನ ಪಾಚಿ ಕೆದಕಿ ತಿಂದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಒಂದು ಹಿಮಸಾರಂಗ ಸಿಕ್ಕಿತು, ಅದರ ಹೊಟ್ಟೆಯಲ್ಲಿದ್ದ ಅರ್ಧ ಜೀರ್ಣವಾದ ಪಾಚಿಯನ್ನೂ ಬಿಡಲಿಲ್ಲ. ನಾನು ಉಪ್ಪಿಟ್ಟು ನೋಡಿ ಮುಖ ಕಿವುಚುವವನು.)

ಕಾರ್ಖಾನೆಗೆ ಹೋಗಲು ಕಣಿವೆಯ ಮೇಲೆ ಒಂದೇ ತೂಗುಸೇತುವೆ, ಅಲ್ಲಿ ಜರ್ಮನ್ ಕಾವಲು. ಅದಕ್ಕೇ ಇವರು ಕಣಿವೆಗೆ ಇಳಿದು, ಮೋನಾ ನದಿಯ ಮಂಜುಗಡ್ಡೆ ಮೇಲೆ ದಾಟಿ, ಆ ಕಡೆಯ ಬಂಡೆ ಹತ್ತಿದರು. ಮೇಲೆ ರೈಲು ಹಳಿ, ಅದು ನೇರ ಕಾರ್ಖಾನೆಯ ಗೇಟಿಗೆ. ಗೇಟಿನ ಸರಪಳಿ ಕತ್ತರಿಸಿದ ಕಟ್ಟರ್ ಸೈನ್ಯ ಕೊಟ್ಟದ್ದಲ್ಲ. ರೊನ್ನೆಬರ್ಗ್ ಕೇಂಬ್ರಿಜ್‌ನಲ್ಲಿ ಓಡಾಡುವಾಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನೋಡಿ ತಾನೇ ಕೊಂಡಿದ್ದು. ಇಂಥ ಸಣ್ಣ ವಿಷಯಗಳೇ ನನಗೆ ಇಷ್ಟ. ಯುದ್ಧದ ಅಷ್ಟು ದೊಡ್ಡ ಯೋಜನೆ, ಒಬ್ಬ ಹುಡುಗ ಅಂಗಡಿಯಲ್ಲಿ ಏನು ಕಣ್ಣಿಗೆ ಬಿತ್ತು ಅನ್ನೋದರ ಮೇಲೆ ನಿಂತಿದೆ.

ಒಳಗೆ ಹೋಗಲು ಬಾಗಿಲು ತೆರೆದಿರಲಿಲ್ಲ. ರೊನ್ನೆಬರ್ಗ್ ಮತ್ತು ಫ್ರೆಡ್ರಿಕ್ ಕೈಸರ್ ಇಬ್ಬರೂ ಕೇಬಲ್ ಹಾಯುವ ಸುರಂಗದೊಳಗೆ ತೆವಳಿ ನೆಲಮಾಳಿಗೆ ಸೇರಿದರು. ಅಲ್ಲಿ ಕೂತಿದ್ದವನು ಒಬ್ಬ ನಾರ್ವೆಯವನೇ, ರಾತ್ರಿ ಪಾಳಿಯ ಕಾವಲುಗಾರ. ವಯಸ್ಸಾದ ಮನುಷ್ಯ. ಕೈಸರ್ ಪಿಸ್ತೂಲು ಹಿಡಿದು ಅವನನ್ನು ನೋಡಿಕೊಂಡ. ರೊನ್ನೆಬರ್ಗ್ ಭಾರಜಲ ತಯಾರಾಗುತ್ತಿದ್ದ 18 ವಿದ್ಯುದ್ವಿಭಜನೆ ಕೋಶಗಳಿಗೆ ಸಿಡಿಮದ್ದು ಕಟ್ಟತೊಡಗಿದ. ಬ್ರಿಟನ್ನಿನಲ್ಲಿ ಇದೇ ಕೋಣೆಯ ಮಾದರಿ ಮಾಡಿ ಕತ್ತಲಲ್ಲೂ ಅಭ್ಯಾಸ ಮಾಡಿದ್ದರಿಂದ ಕೈಗೆ ಅದು ರೂಢಿಯಾಗಿತ್ತು. ಅರ್ಧ ಆಗಿತ್ತು, ಕಿಟಕಿ ಒಡೆದ ಸದ್ದು. ಇವರಿಬ್ಬರೂ ಸಿಕ್ಕಿಬಿದ್ದರೇನೋ ಅಂದುಕೊಂಡು, ಮದ್ದು ಇಡಲು ಜೊತೆಗೆ ಬಂದಿದ್ದ ಇನ್ನಿಬ್ಬರು ಕಿಟಕಿಯಿಂದಲೇ ಒಳಗೆ ಬರಲು ಹೊರಟಿದ್ದರು. ಅವರಿಗೆ ದಾರಿ ಮಾಡುವಾಗ ರೊನ್ನೆಬರ್ಗ್ ಕೈ ಗಾಜಿಗೆ ಕೊಯ್ದುಹೋಯಿತು. ಎರಡು ನಿಮಿಷದ ಬತ್ತಿ ಇಟ್ಟುಕೊಂಡು ಬಂದಿದ್ದರು. ಸ್ಫೋಟ ಆಗಿದ್ದು ಕಿವಿಯಾರೆ ಕೇಳಿಯೇ ಹೋಗಬೇಕು ಅಂತ ಅವನು ಅದನ್ನು 30 ಸೆಕೆಂಡಿಗೆ ಇಳಿಸಿದ.

ಇನ್ನೇನು ಬತ್ತಿ ಹಚ್ಚಬೇಕು. ಆಗ ಆ ಕಾವಲುಗಾರ ಹೇಳುತ್ತಾನೆ: ನನ್ನ ಕನ್ನಡಕ. ಈ ಯುದ್ಧದ ಕಾಲದಲ್ಲಿ ಇನ್ನೊಂದು ಸಿಗೋದು ಬಹಳ ಕಷ್ಟ.

ಹೊರಗೆ ಜರ್ಮನ್ ಸೈನಿಕರ ಬ್ಯಾರಕ್ಕು. ಕಿಟಕಿ ಒಡೆದಿದೆ, ಬೆಳಕು ಹೊರಗೆ ಬೀಳುತ್ತಿದೆ. ಕೈಯಿಂದ ರಕ್ತ. ಇವನು ಬತ್ತಿ ಬಿಟ್ಟು ಮೇಜಿನ ಮೇಲೆ ಕನ್ನಡಕ ಹುಡುಕುತ್ತಾನೆ. ಡಬ್ಬಿ ಸಿಗುತ್ತದೆ, ಕೊಡುತ್ತಾನೆ, ಮತ್ತೆ ಬತ್ತಿಯ ಕಡೆ ತಿರುಗುತ್ತಾನೆ. ಮುದುಕ ಮತ್ತೆ: ಡಬ್ಬಿಯಲ್ಲಿ ಕನ್ನಡಕ ಇಲ್ಲವಲ್ಲಪ್ಪ. ಮತ್ತೆ ಹುಡುಕಾಟ. ದಿನಚರಿ ಪುಸ್ತಕದ ಹಾಳೆಗಳ ನಡುವೆ ಇತ್ತು. ಕೊಟ್ಟ. ಅಷ್ಟರಲ್ಲಿ ಇನ್ನೊಬ್ಬ ನಾರ್ವೆಯ ಮೇಸ್ತ್ರಿ ಮೆಟ್ಟಿಲಿಳಿದು ಬಂದು ಕೈ ಮೇಲೆತ್ತಿ ನಿಂತ. ಬತ್ತಿ ಹಚ್ಚಿ, ಇಬ್ಬರಿಗೂ ಮೇಲೆ ಓಡಿ, ಬಾಯಿ ತೆರೆದುಕೊಂಡು ನೆಲಕ್ಕೆ ಮಲಗಿ, ಇಲ್ಲದಿದ್ದರೆ ಕಿವಿ ಹೋಗುತ್ತದೆ ಅಂತ ಹೇಳಿ ಓಡಿಸಿದರು.

ಹೊರಗೆ ಸ್ಫೋಟದ ಸದ್ದು ಬಹಳ ಸಣ್ಣದಾಗಿ ಕೇಳಿತಂತೆ. ಒಳಗೆ ಸುಮಾರು 500 ಕಿಲೋ ಭಾರಜಲ ಚರಂಡಿ ಸೇರಿತು. ಒಂದು ಗುಂಡೂ ಹಾರಲಿಲ್ಲ, ಒಬ್ಬರೂ ಸಾಯಲಿಲ್ಲ.

ಮುಗಿಸಿ ಹೊರಡುವಾಗ ಅವರು ಒಂದು ಬ್ರಿಟಿಷ್ ಬಂದೂಕನ್ನು ಬೇಕಂತಲೇ ಅಲ್ಲೇ ಬಿಟ್ಟರು. ಬಂದದ್ದು ಸೈನ್ಯ, ಊರಿನವರಲ್ಲ ಅಂತ ಜರ್ಮನ್ನರಿಗೆ ಗೊತ್ತಾಗಲಿ, ಊರವರ ಮೇಲೆ ಸೇಡು ತೀರಿಸಿಕೊಳ್ಳದಿರಲಿ ಅಂತ. ಐದು ಜನ ಸುಮಾರು 400 ಕಿಲೋಮೀಟರ್ ಸ್ಕೀ ಮಾಡಿಕೊಂಡು ಸ್ವೀಡನ್ ಸೇರಿದರು, ಅದೂ ಬ್ರಿಟಿಷ್ ಯೂನಿಫಾರಂನಲ್ಲಿ. ಹಿಂದೆ ಸಾವಿರಾರು ಸೈನಿಕರು ಹಿಮದಲ್ಲಿ ಹುಡುಕುತ್ತಿದ್ದರು.

ಸೇತುವೆ ಮೇಲೆ

ಹೋದ ಬೇಸಿಗೆಯಲ್ಲಿ ಓಸ್ಲೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ವೆಮೊರ್ಕ್ ತೋರಿಸಿ ಅಂತ ಭಾವನಿಗೆ ದುಂಬಾಲು ಬಿದ್ದೆ. "ಮೂರು ಗಂಟೆ ಡ್ರೈವ್ ಕಣೋ, ಒಂದು ಕನ್ನಡಕಕ್ಕೋಸ್ಕರ" ಅಂತ ಅವರು ನಕ್ಕರು, ಆದರೆ ಕರೆದುಕೊಂಡು ಹೋದರು. ಅಕ್ಕ ಚಿತ್ರಾನ್ನ ಕಟ್ಟಿದಳು. ಹಿಂದಿನ ಸೀಟಿನಲ್ಲಿ ನಾನು ಮತ್ತು ಅವಳ ಮಗಳು, ಹತ್ತು ವರ್ಷ, ಅಲ್ಲೇ ಹುಟ್ಟಿದವಳು.

ರ್‍ಯೂಕನ್ ಊರು (ವೆಮೊರ್ಕ್ ಇದರ ಪಕ್ಕದಲ್ಲೇ) ಎರಡು ಬೆಟ್ಟದ ಸಾಲಿನ ಮಧ್ಯೆ ಎಷ್ಟು ಒತ್ತಿಕೊಂಡಿದೆ ಅಂದರೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಬಿಸಿಲು ಬೇಕು ಅಂದರೆ ಕೇಬಲ್ ಕಾರಿನಲ್ಲಿ ಬೆಟ್ಟ ಹತ್ತಬೇಕು, ಅದನ್ನು ಕಾರ್ಖಾನೆಯವರೇ 1928ರಲ್ಲಿ ಕಟ್ಟಿಸಿಕೊಟ್ಟಿದ್ದು. ಈಗ 2013ರಿಂದ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಚೌಕಕ್ಕೆ ಬಿಸಿಲು ಬೀಳುವ ಹಾಗೆ ಮಾಡಿದ್ದಾರೆ. ಆ ರಾತ್ರಿ ರೊನ್ನೆಬರ್ಗ್ ತಂಡ ಓಡಿಹೋದದ್ದು ಈ ಕೇಬಲ್ ಕಾರಿನ ಕೆಳಗಿನ ಅಂಕುಡೊಂಕು ದಾರಿಯಲ್ಲೇ. ಕಾರಿನ ಕಿಟಕಿಯಿಂದ ಆ ಏರು ನೋಡಿದರೇ ನನಗೆ ಏದುಸಿರು.

ವೆಮೊರ್ಕ್ ಈಗ ಮ್ಯೂಸಿಯಂ. ಭಾರಜಲ ತೆಗೆಯುತ್ತಿದ್ದ ಕಟ್ಟಡವನ್ನು 1970ರ ದಶಕದಲ್ಲೇ ಕೆಡವಿದ್ದರು. ಅದರ ನೆಲಮಾಳಿಗೆಯನ್ನು ಮತ್ತೆ ಅಗೆದು 2022ರಲ್ಲಿ ಜನರಿಗೆ ತೆರೆದಿದ್ದಾರೆ. ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ತೂಗುಸೇತುವೆ ಮೇಲೆ. ಒಂದು ಕಾಲಕ್ಕೆ ಜರ್ಮನ್ ಕಾವಲಿನವರು ನಿಲ್ಲುತ್ತಿದ್ದ ಸೇತುವೆಯಿಂದ ಈಗ ಜನ ಕಾಲಿಗೆ ಹಗ್ಗ ಕಟ್ಟಿಕೊಂಡು ಬಂಜಿ ಹಾರುತ್ತಾರೆ. ಹಾರುವ ಮೊದಲು ಕಿರುಚುತ್ತಾರೆ, ಹಾರಿದ ಮೇಲೂ ಕಿರುಚುತ್ತಾರೆ, ಕಣಿವೆ ಅದನ್ನೇ ತಿರುಗಿಸಿ ಹೇಳುತ್ತದೆ. ಕೆಳಗೆ ನದಿ ಒಂದು ನೂಲಿನಷ್ಟು. ಇದನ್ನು ಇಳಿದು, ಇದನ್ನು ಹತ್ತಿ, ಬೆನ್ನಿಗೆ ಮದ್ದು ಕಟ್ಟಿಕೊಂಡು, ಕತ್ತಲಲ್ಲಿ, ಹಿಮದಲ್ಲಿ.

"ಏನೋ ಅಷ್ಟೊತ್ತಿಂದ ಕೆಳಗೇ ನೋಡ್ತಾ ಇದ್ದೀಯಾ, ತಲೆ ಸುತ್ತಲ್ವಾ?" ಅಂದಳು ಅಕ್ಕ.

ನಾನು ಅಕ್ಕನ ಮಗಳಿಗೆ ಕನ್ನಡಕದ ಕತೆ ಹೇಳಿದೆ. ಜೊತೆಗೆ ಬೇಟೆಗಾರನ ಕತೆಯನ್ನೂ. ಅದು ಸ್ಫೋಟಕ್ಕಿಂತ ಕೆಲವು ದಿನ ಮೊದಲು ನಡೆದದ್ದು. ಪ್ಯಾರಾಚೂಟ್‌ನಲ್ಲಿ ಇಳಿದು ಹಿಮಗಾಳಿಯಲ್ಲಿ ದಿನಗಟ್ಟಲೆ ಸಿಕ್ಕಿಕೊಂಡಿದ್ದ ತಂಡಕ್ಕೆ ಒಬ್ಬ ಬೇಟೆಗಾರ ಎದುರಾದ. ನಾನು ನಾಜಿ ಪರ ಅಂತ ಮೊದಲು ಹೇಳಿದ, ಆಮೇಲೆ ತಡವರಿಸಿದ. ಇವರು ಯಾರು ಅಂತ ಗೊತ್ತಾಗದೆ ಎರಡೂ ಕಡೆ ಕಾಲಿಟ್ಟಿದ್ದನೋ ಏನೋ ಪಾಪ. ಕೊಂದುಬಿಡುವುದೇ ಸರಿ ಅನ್ನುವ ಮಾತು ತಂಡದಲ್ಲಿ ಬಂತು. ಬಿಟ್ಟರೆ ಎಲ್ಲರೂ ಸಾಯಬಹುದು. ತೀರ್ಮಾನ ರೊನ್ನೆಬರ್ಗ್‌ನದು. ಅವನು ಬಿಟ್ಟ. ಊಟ ಕೊಟ್ಟು, ಬಾಯಿ ಬಿಟ್ಟರೆ ನೋಡು ಅಂತ ಹೆದರಿಸಿ ಕಳಿಸಿದ. ಆ ಮನುಷ್ಯ ಬಾಯಿ ಬಿಡಲಿಲ್ಲ.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ನಾನು ಯಾವಾಗಲೂ ಅಲ್ಲಿಗೇ ನಿಲ್ಲಿಸುವುದು. ನಮ್ಮ ಆಫೀಸಿನಲ್ಲಿ, ಗೆಳೆಯರ ಮಧ್ಯೆ ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ಕನ್ನಡಕಕ್ಕೆ ಬಂದು ಜನ "ವಾಹ್" ಅಂದ ಕೂಡಲೇ ಮುಗಿಸುತ್ತೇನೆ.

"ಮಾಮ, ದೋಣಿ ಕತೆ ಹೇಳಲೇ ಇಲ್ಲ ನೀನು" ಅಂದಳು ಅವಳು. ಅವರ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರಂತೆ.

ಇನ್ನೊಬ್ಬ ಕಾವಲುಗಾರ

ದೋಣಿ ಅಲ್ಲ, ಫೆರ್ರಿ. ಹೆಸರು ಹೈಡ್ರೋ. ರೈಲು ಬೋಗಿಗಳನ್ನೇ ಹೊತ್ತು ಟಿನ್ ಸರೋವರ ದಾಟಿಸುತ್ತಿದ್ದ ಹಡಗು.

ಆದದ್ದೇನು ಅಂದರೆ, ರೊನ್ನೆಬರ್ಗ್ ಒಡೆದು ಹೋದ ಕೋಶಗಳನ್ನು ಜರ್ಮನ್ನರು ಕೆಲವೇ ತಿಂಗಳಲ್ಲಿ ಮತ್ತೆ ಕಟ್ಟಿಕೊಂಡರು. 1943ರ ನವೆಂಬರ್ 16ರಂದು ಅಮೆರಿಕದ ನೂರಕ್ಕೂ ಹೆಚ್ಚು ವಿಮಾನಗಳು ಬಂದು ಬಾಂಬು ಸುರಿದವು. ನೆಲಮಾಳಿಗೆಗೆ ಏನೂ ಆಗಲಿಲ್ಲ, ಊರಿನ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂಬತ್ತು ಹುಡುಗರ ಕೆಲಸ ಎಷ್ಟು ನಾಜೂಕಿನದು ಅಂತ ಗೊತ್ತಾಗುತ್ತದೆ. ಇನ್ನು ಇಲ್ಲಿ ಆಗುವುದಿಲ್ಲ ಅಂತ ಜರ್ಮನ್ನರು ಉಳಿದ ಭಾರಜಲವನ್ನು ಪೀಪಾಯಿಗಳಲ್ಲಿ ತುಂಬಿ ತಮ್ಮ ದೇಶಕ್ಕೆ ಸಾಗಿಸಲು ಹೊರಟರು. ರೊನ್ನೆಬರ್ಗ್ ಆಗ ಬ್ರಿಟನ್ನಿನಲ್ಲಿ. ಹತ್ತಿರದಲ್ಲಿ ಉಳಿದಿದ್ದವನು ಅವನ ತಂಡದ ಕ್ನೂಟ್ ಹೌಕೆಲಿಡ್. (ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಅವಳಿ ತಂಗಿಯೋ ಅಕ್ಕನೋ, ಅವಳು ಹಾಲಿವುಡ್ ನಟಿ. ಇವನು ಇಲ್ಲಿ ಹಿಮದಲ್ಲಿ.)

ಪೀಪಾಯಿಗಳು ದಾಟುವ ದಾರಿಯಲ್ಲಿ ಕಾವಲು ಸಡಿಲ ಇದ್ದದ್ದು ಫೆರ್ರಿಯಲ್ಲಿ ಮಾತ್ರ. ಆದರೆ ಅದರಲ್ಲಿ ಊರ ಜನ ಓಡಾಡುತ್ತಾರೆ. ಇದು ಬೇಕೇ ಬೇಕಾ ಅಂತ ಅವರು ರೇಡಿಯೋದಲ್ಲಿ ಲಂಡನ್ನಿಗೆ ಕೇಳಿದರು. ಬೇಕು ಅಂತ ಉತ್ತರ ಬಂತು. ಕಾರ್ಖಾನೆಯೊಳಗಿದ್ದ ಗೆಳೆಯರು ಸೇರಿ ಸಾಗಣೆ ಭಾನುವಾರವೇ ಆಗುವ ಹಾಗೆ ನೋಡಿಕೊಂಡರು. ಭಾನುವಾರ ಜನ ಕಡಿಮೆ. ಅವರ ಕೈಯಲ್ಲಿ ಆಗುತ್ತಿದ್ದದ್ದು ಅಷ್ಟೇ.

ಹಿಂದಿನ ರಾತ್ರಿ ಹೌಕೆಲಿಡ್ ಮತ್ತು ಇನ್ನಿಬ್ಬರು ಹಡಗು ಹತ್ತಿದರು. ಅಲ್ಲೂ ಒಬ್ಬ ರಾತ್ರಿ ಕಾವಲುಗಾರ, ಅವನೂ ನಾರ್ವೆಯವನೇ. ನೋಡಿಬಿಟ್ಟ. ಜೊತೆಗಿದ್ದ ಊರ ಹುಡುಗ ಅವನಿಗೆ ಪರಿಚಯ. ಜರ್ಮನ್ನರ ಗುಪ್ತ ಪೊಲೀಸು ಗೆಸ್ಟಪೋ ಹಿಂದೆ ಬಿದ್ದಿದೆ, ಅಡಗಿಕೊಳ್ಳಲು ಜಾಗ ಬೇಕು ಅಂತ ಸುಳ್ಳು ಹೇಳಿದರು. ಆ ಮನುಷ್ಯ ನಂಬಿ, ಕೆಳಗಿನ ಅಂತಸ್ತಿಗೆ ಇಳಿಯುವ ದಾರಿಯನ್ನು ತಾನೇ ತೋರಿಸಿದ. ಅಲ್ಲಿ ತಳದ ನೀರಿನಲ್ಲಿ ನಿಂತು ಹೌಕೆಲಿಡ್ ಹಡಗಿನ ಮುಂಭಾಗಕ್ಕೆ ಮದ್ದು ಜೋಡಿಸಿದ. ಬತ್ತಿಯ ಬದಲು ಅಲಾರಂ ಗಡಿಯಾರ. ಬೆಳಿಗ್ಗೆ ಹತ್ತೂ ಮುಕ್ಕಾಲು, ಹಡಗು ಆಳದ ನೀರಿಗೆ ಹೋಗಿರುವ ಹೊತ್ತು.

ಹೊರಡುವಾಗ ಹೌಕೆಲಿಡ್ ಆ ಕಾವಲುಗಾರನ ಕೈ ಕುಲುಕಿ ಧನ್ಯವಾದ ಹೇಳಿದ. ಅವನಿಗೆ ಅದು ಯಾಕೆ ಅಂತ ಅರ್ಥವಾಗಲಿಲ್ಲ.

ನನ್ನನ್ನು ಕೊರೆಯುವುದು ಈ ಕೈಕುಲುಕು. ಅಲ್ಲಿ ಕನ್ನಡಕ, ಇಲ್ಲಿ ಕೈ. ಕೊಡಲು ಬೇರೆ ಏನೂ ಇಲ್ಲದಾಗ ಕೊಟ್ಟ ಕೈ. ನಾಳೆ ಹಡಗು ಹತ್ತಬೇಡ ಅನ್ನುವ ಮೂರು ಮಾತು ನಾಲಿಗೆ ತುದಿಗೆ ಬಂದಿರುತ್ತದೆ, ಹೇಳಿದರೆ ಆ ಮನುಷ್ಯ ಇನ್ನೊಬ್ಬನಿಗೆ ಹೇಳುತ್ತಾನೆ, ಅವನು ಮತ್ತೊಬ್ಬನಿಗೆ, ಬೆಳಗಾಗುವಷ್ಟರಲ್ಲಿ ಹಡಗೇ ಹೊರಡುವುದಿಲ್ಲ.

1944ರ ಫೆಬ್ರವರಿ 20. ಹಡಗು ಮುಳುಗಿತು. ಸುತ್ತಲಿನ ರೈತರು ದೋಣಿ ಹಾಕಿಕೊಂಡು ಹೋಗಿ ಎಷ್ಟೋ ಜನರನ್ನು ಎಳೆದುಕೊಂಡರು. 18 ಜನ ಸತ್ತರು. 14 ಜನ ನಾರ್ವೆಯವರು, ನಾಲ್ಕು ಜನ ಜರ್ಮನ್ನರು.

ಮೊದಮೊದಲು ನಾನು ಇದನ್ನು ಸುಲಭ ಮಾಡಿಕೊಂಡಿದ್ದೆ. ರೊನ್ನೆಬರ್ಗ್ ಮೆದು ಮನಸ್ಸಿನವನು, ಹೌಕೆಲಿಡ್ ಗಟ್ಟಿ ಎದೆಯವನು, ಅಷ್ಟೇ. ಆದರೆ ಅದು ನಿಲ್ಲುವುದಿಲ್ಲ. ವೆಮೊರ್ಕ್ ರಾತ್ರಿ ಬ್ಯಾರಕ್ಕಿನ ಎದುರು ಬಂದೂಕು ಹಿಡಿದು ಕೂತಿದ್ದವನು ಇದೇ ಹೌಕೆಲಿಡ್. ಸ್ಫೋಟದ ಸದ್ದು ಕೇಳಿ ಒಬ್ಬ ಜರ್ಮನ್ ಸೈನಿಕ ಹೊರಗೆ ಬಂದ, ಟಾರ್ಚ್ ಆಡಿಸಿದ. ಪಕ್ಕದಲ್ಲಿದ್ದ ಪೌಲ್ಸನ್ ಗುರಿ ಹಿಡಿದು, ಹೊಡೆಯಲಾ ಅಂದ. ಬೇಡ, ಇನ್ನೂ ಬೇಡ ಅಂತ ತಡೆದವನು ಹೌಕೆಲಿಡ್. ಸೈನಿಕ ಏನೂ ಕಾಣದೆ ಒಳಗೆ ಹೋದ. ತನ್ನ ಜೀವ ಹೋಗಿ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಹಾಗಾದರೆ ಅದೇ ಮನುಷ್ಯ, ಒಂದು ವರ್ಷದ ಅಂತರ. ಆ ನೆಲಮಾಳಿಗೆಯಲ್ಲಿ ಮುದುಕನಿಗೆ ಓಡು ಅನ್ನಲು ಮೂವತ್ತು ಸೆಕೆಂಡಾದರೂ ಇತ್ತು. ಗಡಿಯಾರ ಕಟ್ಟಿದವನಿಗೆ ಗಂಟೆಗಟ್ಟಲೆ ಹೊತ್ತು ಇತ್ತು, ಒಂದು ಮಾತೂ ಆಡುವ ಹಾಗಿರಲಿಲ್ಲ. ಒಳ್ಳೆಯತನಕ್ಕೂ ಜಾಗ ಬೇಕು ಅನಿಸುತ್ತದೆ ನನಗೆ, ಬಸ್ಸಿನಲ್ಲಿ ಆ ಹುಡುಗನಿಗೆ ಇದ್ದ ಹಾಗೆ. ನಿಜವಾಗಲೂ ಬೆಂಕಿ ಹತ್ತಿದ್ದರೆ ಅವನು ಟಾರ್ಚ್ ಹಿಡಿದು ನಿಲ್ಲುತ್ತಿದ್ದನಾ? ನಾನಾಗಿದ್ದರೆ ನಿಲ್ಲುತ್ತಿರಲಿಲ್ಲ, ಅದಂತೂ ಗೊತ್ತು.

ಜರ್ಮನ್ನರು ಆ ಹೊತ್ತಿಗೆ ಅಣುಬಾಂಬಿನಿಂದ ಬಹಳ ದೂರ ಇದ್ದರು ಅನ್ನುವುದು ಯುದ್ಧ ಮುಗಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಅದನ್ನು ಹಿಡಿದುಕೊಂಡು ಇದೆಲ್ಲ ದಂಡ ಅನ್ನುವವರಿದ್ದಾರೆ. ನನಗೆ ಆ ವಾದ ಇಷ್ಟವಾಗುವುದಿಲ್ಲ. 1944ರ ಫೆಬ್ರವರಿಯಲ್ಲಿ ಹಡಗಿನ ತಳದಲ್ಲಿ ನಿಂತವನ ಹತ್ತಿರ ನಮ್ಮ ಪುಸ್ತಕಗಳಿರಲಿಲ್ಲ. ಭಾರಜಲ ಯಾಕೆ ಅಷ್ಟು ಮುಖ್ಯ ಅನ್ನುವುದೇ ರೊನ್ನೆಬರ್ಗ್‌ಗೆ ಪೂರ್ತಿ ಅರ್ಥವಾದದ್ದು ಹಿರೋಶಿಮಾ ಆದ ಮೇಲೆ. 2004ರಲ್ಲಿ ಸರೋವರದ ತಳದಿಂದ ಒಂದು ಪೀಪಾಯಿ ಮೇಲೆತ್ತಿ ನೋಡಿದರು. ಒಳಗಿದ್ದದ್ದು ಜರ್ಮನ್ನರ ದಾಖಲೆಯಲ್ಲಿ ಬರೆದಿದ್ದಕ್ಕೆ ಸರಿಹೊಂದಿತು.

ಯುದ್ಧ ಮುಗಿದ ಮೇಲೆ ರೊನ್ನೆಬರ್ಗ್ ತನ್ನೂರಿನಲ್ಲಿ ರೇಡಿಯೋ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದ. ಎಷ್ಟೋ ವರ್ಷ ಈ ವಿಷಯ ಮಾತಾಡಲೇ ಇಲ್ಲ. ವಯಸ್ಸಾದ ಮೇಲೆ ಶಾಲೆ ಮಕ್ಕಳಿಗೆ ಹೇಳಲು ಶುರು ಮಾಡಿದ. 2018ರಲ್ಲಿ ತೀರಿಕೊಂಡಾಗ 99 ವರ್ಷ.

ಶನಿವಾರದ ಊಟ

ವಾಪಸ್ ಬರುವಾಗ ಮೇಲ್ ಅನ್ನುವ ಕಡೆ ಕಾರು ನಿಲ್ಲಿಸಿದೆವು. ಫೆರ್ರಿ ಹೊರಡುತ್ತಿದ್ದ ದಡ ಅದೇ. ಹೈಡ್ರೋದ ಜೊತೆಯ ಅಮೋನಿಯಾ ಅನ್ನುವ ಹಳೆ ಹಬೆ ಹಡಗು ಇನ್ನೂ ಅಲ್ಲೇ ಕಟ್ಟಿ ನಿಂತಿದೆ, ಹೊಟ್ಟೆಯಲ್ಲಿ ರೈಲು ಹಳಿ ಇಟ್ಟುಕೊಂಡು. ನೀರು ಕಪ್ಪಗೆ, ಅಲುಗಾಟ ಇಲ್ಲ. ಇಲ್ಲಿ ಎಲ್ಲೋ 430 ಮೀಟರ್ ಕೆಳಗೆ ಹೈಡ್ರೋ ಇದೆ.

ದಡದಲ್ಲಿ ಬೆಂಚಿನ ಮೇಲೆ ಕೂತು ಅಕ್ಕನ ಮಗಳಿಗೆ ದೋಣಿ ಕತೆ ಪೂರ್ತಿ ಹೇಳಿದೆ. ಸ್ಕೂಲಿನಲ್ಲಿ ಅವಳಿಗೆ ಹೇಳದೆ ಇದ್ದ ಒಂದು ಭಾಗವೂ ಇತ್ತು. ಸಂಚಿನಲ್ಲಿದ್ದ ಕಾರ್ಖಾನೆಯ ಒಬ್ಬನ ತಾಯಿ ಮಗನ ಮನೆಗೆ ಬಂದಿದ್ದಳು. ಭಾನುವಾರದ ಅದೇ ಫೆರ್ರಿಯಲ್ಲಿ ಊರಿಗೆ ಹೊರಡಬೇಕು. ಇನ್ನೆರಡು ದಿನ ಇರಮ್ಮ ಅಂದರೆ ಕೇಳುವುದಿಲ್ಲ, ಯಾಕೆ ಅಂತ ಹೇಳುವ ಹಾಗಿಲ್ಲ. ಕೊನೆಗೆ ಹಿಂದಿನ ದಿನ ಅವಳ ಊಟದಲ್ಲಿ ಭೇದಿ ಮಾತ್ರೆ ಕಲಸಿಬಿಟ್ಟ. ಬೆಳಿಗ್ಗೆ ಅವಳಿಗೆ ಎದ್ದು ನಿಲ್ಲಲೂ ಆಗಲಿಲ್ಲ.

ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ಭಾವನೂ ನಕ್ಕರು. ಅಕ್ಕ ನಗಲಿಲ್ಲ. "ಅವನಿಗೆ ಎಂಥ ಸಂಕಟ ಆಗಿರಬೇಡ" ಅಂದಳು, ಆಮೇಲೆ ಬ್ಯಾಗಿನಿಂದ ಚಿತ್ರಾನ್ನದ ಡಬ್ಬಿ ತೆಗೆದು ಎಲ್ಲರ ತಟ್ಟೆಗೆ ಹಾಕತೊಡಗಿದಳು.

ಮಗು ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿತು.

"ಅಮ್ಮ, ಇದರಲ್ಲಿ ಏನೂ ಹಾಕಿಲ್ಲ ತಾನೆ?"